ಗೆರೆ ಕಂಡ ಮೇಲೆ ಲೆಕ್ಕ: ಪರಮಾಣುವಿನ ಬೆಳಕನ್ನು ಮನೆಯ ಡಬ್ಬಿಯಲ್ಲೇ ನೋಡುವ ಬಗೆ

ಪಿಯುಸಿ ಮೊದಲ ವರ್ಷದ ರಸಾಯನಶಾಸ್ತ್ರದಲ್ಲಿ ಎರಡನೇ ಪಾಠವೇ ಪರಮಾಣು ರಚನೆ. ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್ ಇರುವವರೆಗೆ ಎಲ್ಲ ಸಲೀಸು. ಹೈಡ್ರೋಜನ್ ರೋಹಿತ, ಅಂದರೆ ಅದರ ಬೆಳಕಿನ ಬಣ್ಣದ ಗೆರೆಗಳು, ಬಂತೋ ಇಲ್ವೋ, ಜಮಖಂಡಿಯಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಪ್ರತಿ ವರ್ಷ ಅದೇ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಶಕ್ತಿಗೆ ಮೈನಸ್ ಯಾಕ್ ಬರ್ತದ್ರಿ ಸರ್?" ಇನ್ನೊಂದು, "ಈ ಗೆರಿ ಪರಮಾಣುದಾಗ ಎಲ್ಲಿ ಅದಾವ್ರಿ?"

ಎರಡನೆಯದೇ ಅಸಲಿ ಪ್ರಶ್ನೆ. ಗೆರೆ ಪರಮಾಣುವಿನೊಳಗೆ ಎಲ್ಲೂ ಇಲ್ಲ. ಒಳಗೆ ಇರುವುದು ಶಕ್ತಿಯ ಮಟ್ಟಗಳು. ಒಂದು ಮಟ್ಟದಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ಬಿದ್ದಾಗ ಹೊರಗೆ ಬರುವ ಬೆಳಕು ನಮಗೆ ಗೆರೆಯಾಗಿ ಕಾಣುತ್ತದೆ. ಮಟ್ಟ ಬೇರೆ, ಗೆರೆ ಬೇರೆ. ಇವೆರಡನ್ನೂ ಒಂದೇ ಅಂದುಕೊಂಡವರು ಸೂತ್ರ ಬಾಯಿಪಾಠ ಮಾಡಿಯೂ ಲೆಕ್ಕ ತಪ್ಪುತ್ತಾರೆ. ಅದಕ್ಕೇ ನಾನು ಹೇಳುವ ಕ್ರಮ ಸ್ವಲ್ಪ ಉಲ್ಟಾ. ಮೊದಲು ಬೆಳಕನ್ನು ಬಣ್ಣವಾಗಿ ಬಿಡಿಸುವ ಡಬ್ಬಿ ಮಾಡಿ, ಗೆರೆಯನ್ನು ಕಣ್ಣಾರೆ ನೋಡಿ, ಆಮೇಲೆ ಪೆನ್ನು ಹಿಡಿಯಿರಿ. ಒಂದು ಭಾನುವಾರ ಮತ್ತು ಒಂದು ಸಂಜೆ ಸಾಕು.

ಮೊದಲು ನಾಲ್ಕು ಪದ

ರೋಹಿತ ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿಟ್ಟಾಗ ಸಿಗುವ ಪಟ್ಟಿ. ಕಾಮನಬಿಲ್ಲೂ ರೋಹಿತವೇ.

ತರಂಗಾಂತರ ಅಂದರೆ ಬೆಳಕಿನ ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗೆ ಇರುವ ದೂರ. ಇದನ್ನು ಅಳೆಯುವುದು ನ್ಯಾನೋಮೀಟರಿನಲ್ಲಿ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತನಕ. 400ರ ಕಡೆ ನೇರಳೆ, 700ರ ಕಡೆ ಕೆಂಪು.

ಫೋಟಾನ್ ಅಂದರೆ ಬೆಳಕಿನ ಒಂದು ಕಾಳು. ಎಲೆಕ್ಟ್ರಾನ್ ಒಮ್ಮೆ ಬಿದ್ದರೆ ಒಂದು ಕಾಳು ಹೊರಬೀಳುತ್ತದೆ.

ಇವಿ, ಅಂದರೆ ಎಲೆಕ್ಟ್ರಾನ್-ವೋಲ್ಟ್, ಶಕ್ತಿಯ ಚಿಕ್ಕ ಅಳತೆ. ಬಂಗಾರವನ್ನು ಕ್ವಿಂಟಲ್ ಲೆಕ್ಕದಲ್ಲಿ ತೂಗುವುದಿಲ್ಲ, ಅಲ್ವಾ? ಹಾಗೇ ಪರಮಾಣುವಿಗೆ ಜೂಲ್ ತುಂಬ ದೊಡ್ಡದು. ಒಂದು ಇವಿ ಅಂದರೆ 1.602 × 10⁻¹⁹ ಜೂಲ್.

ಬೇಕಾದ ಸಾಮಾನು

ಹಳೆಯ ಸಿಡಿ ಒಂದು. ಕಾರ್ನ್‌ಫ್ಲೇಕ್ಸ್ ಬರುವಂಥ ಚಪ್ಪಟೆ ರಟ್ಟಿನ ಡಬ್ಬಿ ಒಂದು, ಉದ್ದ 25ರಿಂದ 30 ಸೆಂಟಿಮೀಟರ್, ದಪ್ಪ 6ರಿಂದ 8. ಎರಡು ಶೇವಿಂಗ್ ಬ್ಲೇಡ್, ಕಪ್ಪು ಕಾಗದ, ಗಮ್ ಟೇಪ್, ಕಟರ್, ಕಂಪಾಸ್ ಬಾಕ್ಸಿನ ಕೋನಮಾಪಕ. ಉಪ್ಪು, ಐಸ್‌ಕ್ರೀಮ್ ಕಡ್ಡಿ, ಇಕ್ಕಳ. ಕ್ಯಾಮೆರಾ ಇರುವ ಮೊಬೈಲ್.

ಸಿಡಿ ಬಗ್ಗೆ ಎಚ್ಚರ. ಕಪಾಟಿನಲ್ಲಿ ಸಿಗುವ ಮದುವೆ ವಿಡಿಯೋ ಬಹಳ ಸಲ ಡಿವಿಡಿ ಆಗಿರುತ್ತದೆ. ನೋಡಲು ಎರಡೂ ಒಂದೇ ಥರ. ಆದರೆ ಸಿಡಿಯ ಮೇಲಿನ ಸುರುಳಿ ಗೆರೆಗಳ ನಡುವೆ 1,600 ನ್ಯಾನೋಮೀಟರ್ ಅಂತರ, ಡಿವಿಡಿಯಲ್ಲಿ ಬರೀ 740. ಈ ಗೆರೆಗಳೇ ಬೆಳಕನ್ನು ಬಣ್ಣವಾಗಿ ಬಿಡಿಸುವುದು. ಕೆಳಗೆ ಹೇಳಿದ ಕೋನ ಸಿಡಿಗೆ ಹೊಂದುವಂಥದ್ದು. ಅದೇ ಕೋನದಲ್ಲಿ ಡಿವಿಡಿ ಇಟ್ಟರೆ ಕಿಂಡಿಯಲ್ಲಿ ಬಣ್ಣವೇ ಬರುವುದಿಲ್ಲ. "ಏನೂ ಕಾಣವಲ್ದು" ಅಂತ ಬಂದವರ ಡಬ್ಬಿ ಬಿಚ್ಚಿದರೆ ಎಷ್ಟೋ ಸಲ ಒಳಗೆ ಇದೇ ಇರುತ್ತದೆ.

1. ಡಬ್ಬಿ ಕಟ್ಟುವುದು

ಡಬ್ಬಿಯನ್ನು ಉದ್ದುದ್ದ, ಕಿರಿದಾದ ಮಗ್ಗುಲು ನೆಲಕ್ಕೆ ತಾಗುವಂತೆ ನಿಲ್ಲಿಸಿ. ಈಗ ಎಡಕ್ಕೊಂದು, ಬಲಕ್ಕೊಂದು ಕಿರಿದಾದ ಗೋಡೆ. ಎರಡು ಅಗಲ ಗೋಡೆಗಳಲ್ಲಿ ಒಂದು ನಿಮ್ಮ ಕಡೆ, ಇನ್ನೊಂದು ಆಚೆ. ಒಳಗೆಲ್ಲ ಕಪ್ಪು ಕಾಗದ ಅಂಟಿಸಿ.

ಬಲಗಡೆಗೆ ಸಿಡಿ ಕೂರಬೇಕು. ಎರಡೂ ಅಗಲ ಗೋಡೆಗಳಲ್ಲಿ, ಬಲ ಮೇಲ್ಮೂಲೆಯಿಂದ ಎಡಕ್ಕೆ ಕೆಳಮುಖವಾಗಿ ಓರೆ ಸೀಳು ಕೊಯ್ಯಿರಿ. ಸೀಳು ನೆಲದ ಜೊತೆ 60 ಡಿಗ್ರಿ ಮಾಡಬೇಕು, ಸುಮಾರು 8 ಸೆಂಟಿಮೀಟರ್ ಉದ್ದ ಇರಲಿ. ಎರಡು ಗೋಡೆಯ ಸೀಳೂ ಒಂದಕ್ಕೊಂದು ನೇರ ಇರಲಿ, ಇಲ್ಲದಿದ್ದರೆ ಸಿಡಿ ತಿರುಚುತ್ತದೆ. ಮಿನುಗುವ ಮುಖ ಎಡಕ್ಕೂ ಮೇಲಕ್ಕೂ ನೋಡುವಂತೆ ಸಿಡಿಯನ್ನು ಜಾರಿಸಿ. ಅದರ ಅಂಚು ಎರಡೂ ಕಡೆ ಹೊರಗೆ ಚಾಚಿಕೊಂಡಿರುತ್ತದೆ, ಪರವಾಗಿಲ್ಲ. ಸಂದಿಗೆ ಟೇಪ್ ಹಚ್ಚಿ. ಸಿಡಿಯನ್ನು ಕತ್ತರಿಸಲು ಹೋಗಬೇಡಿ, ಚೂರು ಕಣ್ಣಿಗೆ ಸಿಡಿಯುತ್ತದೆ.

ಎಡ ಗೋಡೆಯಲ್ಲಿ ಬೆಳಕಿನ ಬಾಗಿಲು. ಸಿಡಿಯ ನಡುತೂತಿಗಿಂತ ಕೆಳಗಿನ ಮಿನುಗುವ ಭಾಗ ಎಷ್ಟು ಎತ್ತರದಲ್ಲಿದೆ ನೋಡಿ, ಅಷ್ಟೇ ಎತ್ತರಕ್ಕೆ ಎರಡು ಬೆರಳಗಲದ ಕಿಟಕಿ ಕೊಯ್ಯಿರಿ. ಎರಡು ಬ್ಲೇಡುಗಳನ್ನು ಅಲುಗಿಗೆ ಅಲುಗು ಎದುರಾಗಿ, ಅಡ್ಡಡ್ಡ ಇಟ್ಟು ಅಂಟಿಸಿ. ನಡುವೆ ಕೂದಲೆಳೆಯಷ್ಟು ಸಂದಿ ಉಳಿಯಬೇಕು. ಒಂದು ಹಾಳೆಯ ತುಂಡನ್ನು ನಡುವೆ ಇಟ್ಟು ಬ್ಲೇಡು ಅಂಟಿಸಿ, ಆಮೇಲೆ ಹಾಳೆ ಎಳೆದುಬಿಟ್ಟರೆ ಸರಿಯಾದ ಸಂದಿ ಸಿಗುತ್ತದೆ. ಸಂದಿ ಅಡ್ಡಕ್ಕೇ ಇರಬೇಕು. ಉದ್ದಕ್ಕೆ ಇಟ್ಟರೆ ಸಿಡಿಯ ಗೆರೆಗಳಿಗೆ ಅದು ಅಡ್ಡಬರುತ್ತದೆ, ಎಲ್ಲ ಬಣ್ಣ ಕಲಸಿಹೋಗುತ್ತದೆ.

ಕೊನೆಗೆ ಮೇಲ್ಮುಖದಲ್ಲಿ, ಆ ಮಿನುಗುವ ಭಾಗದ ನೇರ ಮೇಲೆ, ಒಂದು ರೂಪಾಯಿ ನಾಣ್ಯದಷ್ಟು ಕಣ್ಣಿನ ಕಿಂಡಿ. ಮುಗಿಯಿತು.

ಸಂದಿ ಅಗಲವಾದಷ್ಟೂ ಬೆಳಕು ಜಾಸ್ತಿ, ಗೆರೆ ಮಬ್ಬು. ಕಿರಿದಾದಷ್ಟೂ ಗೆರೆ ಚೂಪು, ಬೆಳಕು ಕಮ್ಮಿ. ನನ್ನ ಮಾತು ಕೇಳಿದರೆ ಕಿರಿದಿನ ಕಡೆಗೇ ವಾಲಿ. ಕತ್ತಲಲ್ಲಿ ಐದು ನಿಮಿಷ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ.

2. ಮನೆಯ ದೀಪಗಳನ್ನು ನೋಡುವುದು

ಶುರು ಮಾಡುವ ಮೊದಲು ಒಂದೇ ಕಟ್ಟುನಿಟ್ಟು: ಸಂದಿಯನ್ನು ಸೂರ್ಯನ ಕಡೆ ನೇರ ಹಿಡಿಯಬೇಡಿ. ಹಗಲು ಬೆಳಕು ಬೇಕಿದ್ದರೆ ಬಿಳಿ ಗೋಡೆಗೋ ಮೋಡಕ್ಕೋ ಹಿಡಿಯಿರಿ. ಲೇಸರ್ ಕೂಡ ಬೇಡ.

ಹಳೆಯ ತಂತಿ ಬಲ್ಬು ಇದ್ದರೆ ಅದರಿಂದ ಆರಂಭಿಸಿ. ನೇರಳೆಯಿಂದ ಕೆಂಪಿನವರೆಗೆ ಎಲ್ಲೂ ಕಡಿಯದ ಪಟ್ಟಿ ಕಾಣುತ್ತದೆ. ಇದಕ್ಕೆ ಅಖಂಡ ರೋಹಿತ ಎನ್ನುತ್ತಾರೆ. ಕಾದ ಗಟ್ಟಿ ವಸ್ತು ಕೊಡುವ ಬೆಳಕು ಹೀಗೇ. ಎಲ್‌ಇಡಿ ಬಲ್ಬೂ ಗೆರೆ ತೋರಿಸುವುದಿಲ್ಲ. ಆದರೆ ನೀಲಿ ಜಾಗದಲ್ಲಿ ಒಂದು ದಪ್ಪ ಹೊಳಪು, ಅದರ ಪಕ್ಕ ಸ್ವಲ್ಪ ಮಂಕು, ಆಮೇಲೆ ಹಸಿರಿನಿಂದ ಕೆಂಪಿನವರೆಗೆ ಹರಡಿದ ಬಣ್ಣ. ಒಳಗಿನ ಚಿಪ್ ಕೊಡುವುದು ನೀಲಿಯನ್ನೇ. ಮೇಲಿನ ಹಳದಿ ಲೇಪ ಅದರಲ್ಲಿ ಸ್ವಲ್ಪ ನುಂಗಿ ಉಳಿದ ಬಣ್ಣ ಕೊಡುತ್ತದೆ.

ಈಗ ಹಳೆಯ ಟ್ಯೂಬ್‌ಲೈಟ್ ಅಥವಾ ಸಿಎಫ್ಎಲ್ ಕಡೆ ತಿರುಗಿಸಿ. ಇಲ್ಲಿ ನೀವು ಒಂದು ಕ್ಷಣ ಸುಮ್ಮನಾಗುತ್ತೀರಿ. ಪಟ್ಟಿ ತುಂಡುತುಂಡಾಗಿರುತ್ತದೆ. ನೀಲಿ-ನೇರಳೆಯಲ್ಲಿ ಒಂದು ಚೂಪು ಗೆರೆ, ಹಸಿರಲ್ಲಿ ಒಂದು ಗಾಢ ಗೆರೆ, ಕೆಂಪು-ಕಿತ್ತಳೆಯಲ್ಲಿ ಇನ್ನೊಂದು, ನಡುನಡುವೆ ಕತ್ತಲೆ. ನೀಲಿಯದು ಪಾದರಸದ ಪರಮಾಣುವಿನದು, 436 ನ್ಯಾನೋಮೀಟರ್. ಹಸಿರಲ್ಲಿ ಪಾದರಸದ 546 ಇದೆ, ಅದಕ್ಕೆ ಅಂಟಿಕೊಂಡೇ ಕೊಳವೆಯೊಳಗಿನ ಲೇಪದ ಟೆರ್ಬಿಯಂ ಬೆಳಕೂ ಸೇರಿರುತ್ತದೆ. 611ರ ಹತ್ತಿರದ ಕೆಂಪು ಬರುವುದು ಲೇಪದಲ್ಲಿರುವ ಯುರೋಪಿಯಂನಿಂದ. ತೀರಾ ಹಳೇ ಮಾದರಿಯ ದಪ್ಪ ಟ್ಯೂಬಾದರೆ ಲೇಪ ಬೇರೆ. ಆಗ ಮಬ್ಬು ಪಟ್ಟಿಯ ಮೇಲೆ ಪಾದರಸದ ಗೆರೆಗಳಷ್ಟೇ ಎದ್ದು ಕಾಣುತ್ತವೆ.

ಇಲ್ಲಿ ಮೋಸಹೋಗಬೇಡಿ. ಈಗ ಅಂಗಡಿಯಲ್ಲಿ ಸಿಗುವ ಟ್ಯೂಬ್ ಬಹುಪಾಲು ಎಲ್‌ಇಡಿಯದೇ. ಆಕಾರ ಟ್ಯೂಬಿನದು, ಬೆಳಕು ಎಲ್‌ಇಡಿಯದು, ಗೆರೆ ಬರುವುದಿಲ್ಲ. ಅಜ್ಜನ ಮನೆಯ ಹಿತ್ತಲಲ್ಲೋ ಹಳೇ ಕಿರಾಣಿ ಅಂಗಡಿಯಲ್ಲೋ ಹುಡುಕಿ. ಒಡೆದ ಟ್ಯೂಬನ್ನು ಮಾತ್ರ ಮುಟ್ಟಬೇಡಿ, ಒಳಗೆ ಪಾದರಸ ಇರುತ್ತದೆ.

ಹಳೆಯ ಸ್ವಿಚ್ ಬೋರ್ಡಿನಲ್ಲಿ ಸಣ್ಣಗೆ ಕಿತ್ತಳೆ ಬಣ್ಣಕ್ಕೆ ಉರಿಯುವ ಇಂಡಿಕೇಟರ್ ಇದ್ದರೆ ಅದರಲ್ಲಿ ನಿಯಾನ್ ಅನಿಲ ಇರುತ್ತದೆ. ಕರ್ರಗಿನ ಕೋಣೆಯಲ್ಲಿ ಡಬ್ಬಿಯನ್ನು ಅದಕ್ಕೆ ತೀರಾ ಹತ್ತಿರ ಹಿಡಿದರೆ ಕಿತ್ತಳೆ-ಕೆಂಪು ಭಾಗದಲ್ಲಿ ಒತ್ತೊತ್ತಾಗಿ ಸಣ್ಣ ಗೆರೆಗಳು. ಬೋರ್ಡ್ ಬಿಚ್ಚುವುದು ಬೇಡ, ಹೊರಗಿನಿಂದಲೇ ನೋಡಿ.

3. ಉಪ್ಪಿನ ಹಳದಿ ಗೆರೆ

ಹಿಂದಿನ ರಾತ್ರಿಯೇ ಅರ್ಧ ಲೋಟ ನೀರಿಗೆ ಎರಡು ಚಮಚ ಉಪ್ಪು ಕಲಸಿ, ಐಸ್‌ಕ್ರೀಮ್ ಕಡ್ಡಿಗಳನ್ನು ನೆನೆಹಾಕಿ. ಮರುದಿನ ಸಂಜೆ ಅಡುಗೆ ಮುಗಿದ ಮೇಲೆ ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಇಟ್ಟುಕೊಂಡು ಗ್ಯಾಸ್ ಹಚ್ಚಿ. ದೀಪ ಆರಿಸಿ. ಸಡಿಲ ಬಟ್ಟೆ, ಇಳಿಬಿಟ್ಟ ವೇಲ್ ಬೇಡ. ಒದ್ದೆ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ನೀಲಿ ಉರಿಯ ಅಂಚಿಗೆ ತನ್ನಿ. ಉರಿ ಹಳದಿಗೆ ತಿರುಗುತ್ತದೆ. ಒಬ್ಬರು ಕಡ್ಡಿ ಹಿಡಿಯಲಿ, ಇನ್ನೊಬ್ಬರು ಎರಡು ಅಡಿ ದೂರದಿಂದ ಡಬ್ಬಿಯಲ್ಲಿ ನೋಡಲಿ. ಕಡ್ಡಿ ಒಣಗಿ ತಾನೇ ಹತ್ತಿಕೊಳ್ಳುವ ಮೊದಲು ನೀರಿಗೆ ಅದ್ದಿಬಿಡಿ. ಕಟ್ಟಿಗೆ ಉರಿದರೆ ಅದರ ಮಸಿಯ ಬೆಳಕು ಅಖಂಡ ಪಟ್ಟಿಯಾಗಿ ನಿಮ್ಮ ಗೆರೆಯನ್ನು ಮುಚ್ಚಿಬಿಡುತ್ತದೆ.

ಕಾಣುವುದು ಒಂದೇ ಒಂದು ಹಳದಿ ಗೆರೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಬರಿಗಣ್ಣಿಗೆ ಇಡೀ ಉರಿ ಹಳದಿ ಕಂಡದ್ದು ಆ ಒಂದು ಗೆರೆಯ ಕಾರಣಕ್ಕೆ. ಅದು ಸೋಡಿಯಂನದು, 589 ನ್ಯಾನೋಮೀಟರ್. ನಿಜಕ್ಕೂ ಅಲ್ಲಿ ಎರಡು ಗೆರೆಗಳಿವೆ, 589.0 ಮತ್ತು 589.6. ಅಷ್ಟು ಸಣ್ಣ ಅಂತರ ನಮ್ಮ ಡಬ್ಬಿಗೆ ಹಿಡಿಯುವುದಿಲ್ಲ.

ಹಸಿರು-ನೀಲಿಯಲ್ಲಿ ಮಬ್ಬಾದ ಪಟ್ಟೆಗಳೂ ಕಂಡರೆ ಗಾಬರಿ ಬೇಡ. ಅವು ಗ್ಯಾಸಿನ ಉರಿಯಲ್ಲಿ ಹುಟ್ಟುವ ಕಾರ್ಬನ್ ಅಣುಗಳ ಬೆಳಕು. ಅಣುಗಳು ಪಟ್ಟೆ ಕೊಡುತ್ತವೆ, ಒಂಟಿ ಪರಮಾಣುಗಳು ಗೆರೆ ಕೊಡುತ್ತವೆ.

ಉಪ್ಪು ಆದ ಮೇಲೆ ಎಲ್ಲರಿಗೂ ಬೇರೆ ಬಣ್ಣದ ಆಸೆ ಬರುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದ ಮನೆಗಳಲ್ಲಿ ಸಿಂಪಡಣೆಗೆ ಮೈಲುತುತ್ತ ಇಟ್ಟಿರುತ್ತಾರೆ. ಅದರಲ್ಲಿ ತಾಮ್ರ ಇದೆ, ಉರಿ ಹಸಿರಾಗುತ್ತದೆ, ನಿಜ. ಆದರೆ ಅದು ವಿಷ. ರೊಟ್ಟಿ ಬೇಯಿಸುವ ಒಲೆಯ ಮೇಲೆ ಖಂಡಿತ ಬೇಡ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಉಪನ್ಯಾಸಕರ ಎದುರು ಮಾಡಿ.

4. ಮೊಬೈಲಿನಿಂದ ಅಳೆಯುವುದು

ಇದನ್ನು ಬಿಟ್ಟರೂ ಲೆಕ್ಕ ಬರುತ್ತದೆ. ಆದರೆ ಒಮ್ಮೆ ಮಾಡಿದರೆ ತರಂಗಾಂತರ ಅನ್ನುವುದು ಬರೀ ಪುಸ್ತಕದ ಸಂಖ್ಯೆಯಾಗಿ ಉಳಿಯುವುದಿಲ್ಲ.

ಮೊಬೈಲನ್ನು ಕಿಂಡಿಯ ಮೇಲೆ ಅಲುಗಾಡದಂತೆ ಟೇಪ್ ಹಚ್ಚಿ ಕೂರಿಸಿ. ಮೊದಲು ಹಳೆಯ ಟ್ಯೂಬ್‌ಲೈಟಿನ ಫೋಟೋ, ಆಮೇಲೆ ಮೊಬೈಲ್ ತೆಗೆಯದೆಯೇ ಉಪ್ಪಿನ ಉರಿಯ ಫೋಟೋ. ನಡುವೆ ಝೂಮ್ ಮುಟ್ಟಿದರೆ ಅಳತೆ ಕೆಟ್ಟಿತು. ಎರಡೂ ಫೋಟೋಗಳನ್ನು ಒಂದೇ ಗಾತ್ರದಲ್ಲಿ ತೆರೆದು, ಪರದೆಯ ಒಂದೇ ಅಂಚಿನಿಂದ ಸ್ಕೇಲ್ ಇಟ್ಟು ಗೆರೆಗಳ ದೂರ ಅಳೆಯಿರಿ.

ಉದಾಹರಣೆಗೆ, ಪಾದರಸದ 436ರ ನೀಲಿ ಗೆರೆ 20 ಮಿಲಿಮೀಟರಿಗೆ, 546ರ ಹಸಿರು 42ಕ್ಕೆ ಬಂತು ಅನ್ನಿ. 22 ಮಿಲಿಮೀಟರಿಗೆ 110 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿಗೆ 5. ಉಪ್ಪಿನ ಗೆರೆ 50.5ಕ್ಕೆ ಬಂದರೆ, ಹಸಿರಿನಿಂದ 8.5 ಮಿಲಿಮೀಟರ್ ಆಚೆ. 8.5 × 5 = 42.5. ಅದಕ್ಕೆ 546 ಕೂಡಿಸಿದರೆ 588.5. ನಿಮ್ಮ ಉತ್ತರ 580 ಮತ್ತು 600ರ ನಡುವೆ ಬಂದರೂ ಡಬ್ಬಿ ಚೆನ್ನಾಗಿದೆ ಎಂದೇ ಅರ್ಥ. ತೀರಾ ಹೊರಗೆ ಹೋದರೆ ಮೊಬೈಲ್ ಅಲುಗಾಡಿದೆ, ಇಲ್ಲವೇ ಹಸಿರು ಗೆರೆಯೆಂದು ಬೇರೆ ಯಾವುದನ್ನೋ ಹಿಡಿದಿದ್ದೀರಿ.

5. ಮೈನಸ್ ಎಲ್ಲಿಂದ ಬಂತು

ಈಗ ಪೆನ್ನು. ವಿಜಯಪುರದ ತಾಜ್ ಬಾವಡಿ ನೋಡಿದ್ದೀರಾ? ಇಲ್ಲದಿದ್ದರೆ ನಿಮ್ಮೂರಿನ ಯಾವುದೇ ಮೆಟ್ಟಿಲು ಬಾವಿ ಆದೀತು. ಬಾವಿಯ ಕಟ್ಟೆಯನ್ನು ಸೊನ್ನೆ ಎಂದುಕೊಳ್ಳಿ. ಕಟ್ಟೆ ಹತ್ತಿ ಹೊರಬಂದವನು ಬಿಡುಗಡೆಯಾದ, ಬಾವಿಗೂ ಅವನಿಗೂ ಸಂಬಂಧ ಇಲ್ಲ. ಒಳಗಿನ ಮೆಟ್ಟಿಲುಗಳ ಆಳವನ್ನು ಕಟ್ಟೆಯಿಂದ ಕೆಳಗೆ ಅಳೆಯುತ್ತೇವೆ, ಹಾಗಾಗಿ ಮೈನಸ್. ಎಲೆಕ್ಟ್ರಾನ್ ಕಥೆಯೂ ಇಷ್ಟೇ. ನ್ಯೂಕ್ಲಿಯಸ್ಸಿನ ಹಿಡಿತದಿಂದ ಬಿಡಿಸಿಕೊಂಡ ಎಲೆಕ್ಟ್ರಾನಿಗೆ ಸೊನ್ನೆ ಶಕ್ತಿ ಅಂತ ನಾವು ಒಪ್ಪಿಕೊಂಡಿದ್ದೇವೆ. ಹಿಡಿತದಲ್ಲಿ ಇರುವಷ್ಟು ಹೊತ್ತು ಅದು ಕಟ್ಟೆಯ ಕೆಳಗೆ. ಮೈನಸ್ 13.6 ಅಂದರೆ ಹೊರಬರಲು 13.6 ಇವಿ ಕೊಡಬೇಕು ಎಂದಷ್ಟೇ ಅರ್ಥ, ಇನ್ನೇನೂ ಗುಟ್ಟಿಲ್ಲ.

ಹೈಡ್ರೋಜನ್ ಬಾವಿಯ ಮೆಟ್ಟಿಲುಗಳಿಗೆ ಸೂತ್ರ ಒಂದೇ. ಮೆಟ್ಟಿಲಿನ ಸಂಖ್ಯೆಯನ್ನು ಎನ್ ಅನ್ನೋಣ, ತಳದ್ದು 1.

ಶಕ್ತಿ = −13.6 ÷ ಎನ್² ಇವಿ

ಲೆಕ್ಕ ಹಾಕಿ ಒಂದು ಹಾಳೆಯಲ್ಲಿ ಬಾವಿಯಂತೆ ಬರೆಯಿರಿ: 1ನೇ ಮಟ್ಟ −13.6, 2ನೆಯದು −3.40, 3ನೆಯದು −1.51, 4ನೆಯದು −0.85, 5ನೆಯದು −0.54, 6ನೆಯದು −0.38. ಅಳತೆಗೆ ಸರಿಯಾಗಿ ಬರೆದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ತಳದಿಂದ ಎರಡನೇ ಮೆಟ್ಟಿಲಿಗೆ 10.2ರಷ್ಟು ಎತ್ತರ. ಮೇಲೆ ಹೋದಂತೆ ಮೆಟ್ಟಿಲು ಹತ್ತಿರ ಹತ್ತಿರ, ಕಟ್ಟೆಯ ಬಳಿ ಒಂದರ ಮೇಲೊಂದು. ಯಾವ ಗೌಂಡಿಯೂ ಇಂಥ ಬಾವಿ ಕಟ್ಟಲಾರ. ಎರಡು ಮೆಟ್ಟಿಲಿನ ನಡುವೆ ನಿಲ್ಲಲು ಎಲೆಕ್ಟ್ರಾನಿಗೆ ಜಾಗವೂ ಇಲ್ಲ. ಗೆರೆಗಳು ಬಿಡಿಬಿಡಿಯಾಗಿ ಬರುವುದು ಇದರಿಂದಲೇ. ನಡುವೆ ನಿಲ್ಲುವಂತಿದ್ದರೆ ತಂತಿ ಬಲ್ಬಿನ ಹಾಗೆ ಕಡಿಯದ ಪಟ್ಟಿಯೇ ಬರುತ್ತಿತ್ತು.

ಇದು ಶಕ್ತಿಯ ಬಾವಿ, ಜಾಗದ ಬಾವಿ ಅಲ್ಲ ಅನ್ನುವುದನ್ನು ಮರೆಯಬೇಡಿ. ಎಲೆಕ್ಟ್ರಾನ್ ಗ್ರಹದ ಹಾಗೆ ದುಂಡಗಿನ ದಾರಿಯಲ್ಲಿ ಸುತ್ತುತ್ತದೆ ಎಂಬ ಚಿತ್ರ ವಿಜ್ಞಾನಿ ನೀಲ್ಸ್ ಬೋರ್ ಕೊಟ್ಟದ್ದು, 1913ರದು. ಅದರ ದಾರಿಗಳನ್ನು ಮುಂದೆ ಕೈಬಿಟ್ಟರು, ಹೈಡ್ರೋಜನ್ನಿಗೆ ಅದು ಕೊಟ್ಟ ಮಟ್ಟಗಳು ಉಳಿದುಕೊಂಡವು.

6. ಲೆಕ್ಕ ಬಿಡಿಸುವುದು

ಪ್ರಶ್ನೆ ಓದಿದ ತಕ್ಷಣ ಸೂತ್ರಕ್ಕೆ ಕೈಹಾಕಬೇಡಿ. ಬಾವಿ ಬರೆದು ಎಲ್ಲಿಂದ ಎಲ್ಲಿಗೆ ಬಿತ್ತು ಎಂದು ಒಂದು ಬಾಣ ಹಾಕಿ. ಬಾಣ ಹಾಕಿದವರಿಗೆ ಅರ್ಧ ಲೆಕ್ಕ ಅಲ್ಲೇ ಮುಗಿದಿರುತ್ತದೆ.

ಬಾಣ 1ನೇ ಮಟ್ಟಕ್ಕೆ ಬಿದ್ದರೆ ಲೈಮನ್ ಸರಣಿ, ಬೆಳಕು ಅತಿನೇರಳೆ, ಕಣ್ಣಿಗೆ ಕಾಣದು. 2ಕ್ಕೆ ಬಿದ್ದರೆ ಬಾಮರ್ ಸರಣಿ, ಕಾಣುವಂಥದ್ದು ಇದೊಂದೇ. 3ಕ್ಕೆ ಬಿದ್ದರೆ ಪಾಶನ್, ಅವಕೆಂಪು, ಅದೂ ಕಾಣದು. ಬಾಮರ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೆಣ್ಣುಮಕ್ಕಳ ಶಾಲೆಯ ಗಣಿತ ಮೇಷ್ಟ್ರು. 1885ರಲ್ಲಿ ಬರೀ ಸಂಖ್ಯೆಗಳನ್ನು ನೋಡಿ ನೋಡಿ ಈ ಗೆರೆಗಳಿಗೆ ಸೂತ್ರ ಕಂಡುಹಿಡಿದರು. ಅದು ಯಾಕೆ ಸರಿ ಬರುತ್ತದೆ ಎಂದು ಬೋರ್ ಹೇಳಲು ಇನ್ನೂ 28 ವರ್ಷ ಬೇಕಾಯಿತು.

3ರಿಂದ 2ಕ್ಕೆ ಬಿದ್ದ ಎಲೆಕ್ಟ್ರಾನ್ ತೆಗೆದುಕೊಳ್ಳೋಣ. ವ್ಯತ್ಯಾಸ 3.40 − 1.51 = 1.89 ಇವಿ. ತರಂಗಾಂತರಕ್ಕೆ ಸುಲಭ ದಾರಿ:

ತರಂಗಾಂತರ (ನ್ಯಾನೋಮೀಟರ್) = 1240 ÷ ಶಕ್ತಿ ವ್ಯತ್ಯಾಸ (ಇವಿ)

1240 ÷ 1.89 = 656. ಕೆಂಪು ಗೆರೆ.

ಪರೀಕ್ಷೆಯಲ್ಲಿ ರಿಡ್‌ಬರ್ಗ್ ಸೂತ್ರವೇ ಬೇಕೆಂದರೆ (1,09,677 ಅದರ ಸ್ಥಿರಾಂಕ, ಬ್ರಾಕೆಟ್ಟಿನಲ್ಲಿ ಎರಡು ಮಟ್ಟಗಳು):

1 ÷ ತರಂಗಾಂತರ = 1,09,677 × (1/2² − 1/3²) = 1,09,677 × 5/36 = 15,233

ಇಲ್ಲಿ ಜಾರಿ ಬೀಳುವವರು ಜಾಸ್ತಿ. 15,233 ತರಂಗಾಂತರ ಅಲ್ಲ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಯುತ್ತದೆ ಎಂಬ ಎಣಿಕೆ, ಅದರ ಹೆಸರು ತರಂಗಸಂಖ್ಯೆ. ಒಂದು ಸೆಂಟಿಮೀಟರ್ ಅಂದರೆ ಒಂದು ಕೋಟಿ ನ್ಯಾನೋಮೀಟರ್. ಹಾಗಾಗಿ ಒಂದು ಕೋಟಿಯನ್ನು 15,233ರಿಂದ ಭಾಗಿಸಿ: 656.5. ಪುಸ್ತಕದಲ್ಲಿ 656.3 ಅಂತಿದ್ದರೆ ನೀವು ತಪ್ಪಿಲ್ಲ. ನಮ್ಮ ಲೆಕ್ಕ ನಿರ್ವಾತದ್ದು, ಅಲ್ಲಿಯದು ಗಾಳಿಯಲ್ಲಿ ಅಳೆದದ್ದು.

4ರಿಂದ 2ಕ್ಕೆ ನೀವೇ ಮಾಡಿ ನೋಡಿ. 2.55 ಇವಿ, 486 ನ್ಯಾನೋಮೀಟರ್, ಹಸಿರು ಸೋಕಿದ ನೀಲಿ. 5ರಿಂದ 434, 6ರಿಂದ 410, ಎರಡೂ ನೇರಳೆಯ ಕಡೆ. "ಬಾಮರ್ ಸರಣಿಯ ಎರಡನೇ ಗೆರೆ" ಎಂದು ಕೇಳಿದರೆ 4ರಿಂದ 2. ಎರಡನೇ ಗೆರೆ ಅಂದಾಕ್ಷಣ ಎನ್ ಜಾಗದಲ್ಲಿ 2 ಹಾಕಿ ಕೂರಬೇಡಿ.

ಇನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದಿ ತಿದ್ದಿ ಬೇಸತ್ತ ತಪ್ಪುಗಳು.

ಬ್ರಾಕೆಟ್ಟಿನ ಒಳಗೆ ಮೊದಲು ಬರುವುದು ಕೆಳಗಿನ ಮಟ್ಟ. ಉಲ್ಟಾ ಬರೆದರೆ ತರಂಗಾಂತರ ಮೈನಸ್ ಬರುತ್ತದೆ. ಶಕ್ತಿಮಟ್ಟ ಮೈನಸ್ ಇರಬಹುದು, ತರಂಗಾಂತರ ಎಂದೂ ಇರಲಾರದು.

13.6ರ ಸೂತ್ರವನ್ನು ಸೋಡಿಯಂಗೆ ಹಚ್ಚುವುದು. ಅದು ಒಂದೇ ಎಲೆಕ್ಟ್ರಾನ್ ಇರುವವಕ್ಕೆ ಮಾತ್ರ: ಹೈಡ್ರೋಜನ್, ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ, ಎರಡು ಕಳೆದುಕೊಂಡ ಲಿಥಿಯಂ. ಈ ಕೊನೆಯ ಎರಡಕ್ಕೆ ಪರಮಾಣು ಸಂಖ್ಯೆಯ ವರ್ಗದಿಂದ ಗುಣಿಸಬೇಕು. ಹೀಲಿಯಂ ಅಯಾನಿಗೆ 13.6 × 4 = 54.4. ಸೋಡಿಯಂನಲ್ಲಿ 11 ಎಲೆಕ್ಟ್ರಾನ್. ಒಳಗಿನ ಹತ್ತು ನ್ಯೂಕ್ಲಿಯಸ್ಸನ್ನು ಮರೆಮಾಡುತ್ತವೆ, ಹೊರಗಿನ ಒಂದು 3ಪಿ ಮಟ್ಟದಿಂದ (ಮೂರನೇ ಮಟ್ಟದೊಳಗೇ ಪಿ ಮೇಲಿನದು, ಎಸ್ ಕೆಳಗಿನದು) 3ಎಸ್‌ಗೆ ಬೀಳುತ್ತದೆ. ವ್ಯತ್ಯಾಸ 2.1 ಇವಿ. ಅದೇ ನಿಮ್ಮ ಉಪ್ಪಿನ ಗೆರೆ. 1240ರ ದಾರಿ ಮಾತ್ರ ಎಲ್ಲ ಪರಮಾಣುವಿಗೂ ನಡೆಯುತ್ತದೆ, ಯಾಕೆಂದರೆ ಅದು ಬೆಳಕಿನ ಲೆಕ್ಕ, ಪರಮಾಣುವಿನದಲ್ಲ.

"5ನೇ ಮಟ್ಟದಿಂದ ತಳಕ್ಕೆ ಬರುವಾಗ ಎಷ್ಟು ಗೆರೆ?" ಸೂತ್ರ 5 × 4 ÷ 2 = 10. ಇದು ಕೋಟ್ಯಂತರ ಪರಮಾಣುಗಳು ಬೇರೆ ಬೇರೆ ದಾರಿಯಲ್ಲಿ ಬಿದ್ದಾಗ ಸಿಗುವ ಒಟ್ಟು. ಪ್ರಶ್ನೆಯಲ್ಲಿ "ಒಂದೇ ಪರಮಾಣು" ಅಂತಿದ್ದರೆ ಹೆಚ್ಚೆಂದರೆ ನಾಲ್ಕು ಫೋಟಾನ್, ಒಂದೊಂದೇ ಮೆಟ್ಟಿಲು ಇಳಿದರೆ. ಹತ್ತು ಗೆರೆಗಳಲ್ಲಿ ಕಣ್ಣಿಗೆ ಕಾಣುವುದು ಮೂರೇ. ಯಾಕೆ ಮೂರು ಎಂದು ಬಾಣ ಹಾಕಿ ನೋಡಿ.

ಹೈಡ್ರೋಜನ್ ಗೆರೆಯನ್ನು ಮನೆಯಲ್ಲಿ ನೋಡಲು ಆಗುವುದಿಲ್ಲ. ಅದಕ್ಕೆ ಹೈಡ್ರೋಜನ್ ತುಂಬಿದ ಗಾಜಿನ ಕೊಳವೆಯೂ ಸಾವಿರಾರು ವೋಲ್ಟಿನ ವಿದ್ಯುತ್ತೂ ಬೇಕು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಇದೆಯೇ ಕೇಳಿ. ಇದ್ದರೆ ನಿಮ್ಮ ಡಬ್ಬಿಯನ್ನೂ ಒಯ್ಯಿರಿ.

7. ಜಮಖಂಡಿಯ ಮೂರು ಗೆರೆ

ಕೊನೆಯ ಅಭ್ಯಾಸ ನಮ್ಮೂರಿನದೇ. 1868ರ ಆಗಸ್ಟ್ 18ರಂದು ಸಂಪೂರ್ಣ ಸೂರ್ಯಗ್ರಹಣ. ನೆರಳಿನ ದಾರಿ ವಿಜಯಪುರ, ಜಮಖಂಡಿಗಳ ಮೇಲೆ ಹಾದು ಗುಂಟೂರಿನ ಕಡೆ ಹೋಯಿತು. ರೋಹಿತದರ್ಶಕ, ಅಂದರೆ ನಮ್ಮ ಡಬ್ಬಿಯ ಕೆಲಸವನ್ನೇ ಮಾಡುವ ಉಪಕರಣ, ಹಿಡಿದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಕಾದಿದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಇದ್ದರು. ಜಮಖಂಡಿಯಲ್ಲಿ ಮೋಡ ಕಾಡಿತು. ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಗೆ ಸಂದಿ ಹಿಡಿದಾಗ ಹರ್ಷೆಲ್‌ಗೆ ಕಂಡದ್ದು ಮೂರು ಹೊಳೆಯುವ ಗೆರೆ: ಕೆಂಪು, ಕಿತ್ತಳೆ, ನೀಲಿ. ಅಖಂಡ ಪಟ್ಟಿ ಇಲ್ಲ. ಉಪ್ಪಿನ ಉರಿಯ ಹಾಗೆಯೇ ಬರೀ ಗೆರೆ. ಅಂದರೆ ಆ ಜ್ವಾಲೆ ಕಾದ ಅನಿಲ ಎಂದಾಯಿತು.

ನಿಮ್ಮ ಬಾವಿಯ ಹಾಳೆ ತೆಗೆಯಿರಿ. ಕೆಂಪು ಗೆರೆ 656, 3ರಿಂದ 2. ನೀಲಿ 486, 4ರಿಂದ 2. ಎರಡೂ ಹೈಡ್ರೋಜನ್, ಈಗಷ್ಟೇ ನೀವು ಬಿಡಿಸಿದ ಲೆಕ್ಕ. ಕಿತ್ತಳೆಯದು 588ರ ಆಸುಪಾಸು, ಅಂದರೆ 2.11 ಇವಿ. ಹೈಡ್ರೋಜನ್ ಬಾವಿಯ ಯಾವ ಎರಡು ಮೆಟ್ಟಿಲಿನ ನಡುವೆ ಇಷ್ಟು ಅಂತರ ಇದೆ ಹುಡುಕಿ. 1.89 ಇದೆ, 2.55 ಇದೆ, ನಡುವೆ ಏನೂ ಸಿಗುವುದಿಲ್ಲ.

ಹರ್ಷೆಲ್ ಅದನ್ನು ಸೋಡಿಯಂ ಗೆರೆಯೇ ಎಂದುಕೊಂಡರು. ಅದು ಸೋಡಿಯಂನದಲ್ಲ, 587.6ರಲ್ಲಿದೆ ಎಂಬುದು ಆಮೇಲೆ ಗೊತ್ತಾಯಿತು. ಭೂಮಿಯ ಮೇಲೆ ಯಾರೂ ಕಾಣದ ಧಾತು ಅದು, ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದು ಕರೆದರು. ಭೂಮಿಯಲ್ಲಿ ಅದು ರಸಾಯನಶಾಸ್ತ್ರಜ್ಞ ರಾಮ್ಸೇ ಅವರ ಕೈಗೆ ಸಿಕ್ಕಿದ್ದು 1895ರಲ್ಲಿ. ಸೋಡಿಯಂ 589.0, ಹೀಲಿಯಂ 587.6. ನಡುವಿನ ಅಂತರ 1.4 ನ್ಯಾನೋಮೀಟರ್. ನಾಲ್ಕನೇ ಹಂತದ ಅಳತೆಯಲ್ಲಿ ಮಿಲಿಮೀಟರಿಗೆ 5 ನ್ಯಾನೋಮೀಟರ್ ಬಂದಿತ್ತಲ್ಲ, ಆ ಲೆಕ್ಕದಲ್ಲಿ ಮೊಬೈಲ್ ಪರದೆಯ ಮೇಲೆ ಅದು ಕಾಲು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ನಿಮ್ಮ ರಟ್ಟಿನ ಡಬ್ಬಿಯೂ ಅದನ್ನು ಸೋಡಿಯಂ ಎಂದೇ ಹೇಳುತ್ತಿತ್ತು.